ವಿಟಮಿನ್ ಕೊರತೆ ಮತ್ತು ಕೆಂಪು ರಕ್ತಕಣಗಳು: ಪ್ರಾಣಿಪ್ರಯೋಗಗಳ ಇತಿಹಾಸ

ಆಹಾರದಲ್ಲಿ ನಿರ್ದಿಷ್ಟ ವಿಟಮಿನ್ ಇಲ್ಲದಂತೆ ಮಾಡಿ, ಪ್ರಯೋಗಪ್ರಾಣಿಗಳ ಕೆಂಪು ರಕ್ತಕಣಗಳಲ್ಲಾಗುವ ವ್ಯತ್ಯಾಸಗಳನ್ನು ಗುರುತಿಸುವ ಅಧ್ಯಯನ 20ನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಳೆಯಿತು. ರಕ್ತಹೀನತೆಗೆ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ, ಯಾವ ವಿಟಮಿನ್ ಕಡಿಮೆಯಾಗಿದೆ ಎಂಬುದಕ್ಕೆ ತಕ್ಕಂತೆ ರಕ್ತಕಣ ಕೆಡುವ ಬಗೆಯೂ ಬೇರೆ ಎಂಬುದು ಇದರಿಂದ ಖಚಿತವಾಯಿತು.

ಈ ಇತಿಹಾಸದ ಬಹುಮುಖ್ಯ ಘಟ್ಟ ಭಾರತಕ್ಕೆ ಸೇರಿದ್ದು. ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು, ಬಡ ಗರ್ಭಿಣಿಯರ ಜೀವ ತೆಗೆಯುತ್ತಿದ್ದ ತೀವ್ರ ರಕ್ತಹೀನತೆಯ ಕಾರಣವನ್ನು ಹುಡುಕತೊಡಗಿದರು. ರೋಗಿಗಳಲ್ಲಿ ಕೆಂಪುಕಣಗಳ ಸಂಖ್ಯೆ ಕುಸಿದು, ಉಳಿದವು ಅಸಹಜವಾಗಿ ದೊಡ್ಡದಾಗಿದ್ದವು. ಆ ಹೆಂಗಸರ ಊಟಕ್ಕೆ ಹೋಲುವ ಆಹಾರ ಕೊಟ್ಟಾಗ ಬಸುರಿ ಇಲಿಗಳೂ ರಕ್ತಹೀನವಾದವು. ಯೀಸ್ಟ್ ಸೇರಿಸಿದಾಗ ರೋಗ ತಡೆಯಿತು. ಆದರೆ ಇಲಿಗಳಲ್ಲಿ ಹೇನಿನಿಂದ ಹರಡುವ ಬಾರ್ಟೊನೆಲ್ಲ ಸೋಂಕೂ ಕೆಂಪುಕಣಗಳನ್ನು ನಾಶಮಾಡುತ್ತಿದ್ದುದರಿಂದ ಫಲಿತಾಂಶ ಗೊಂದಲಕ್ಕೀಡಾಯಿತು. ಹಾಗಾಗಿ ವಿಲ್ಸ್ ಕೋತಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಕೊರತೆಯ ಆಹಾರದಿಂದ ಅವುಗಳಲ್ಲಿಯೂ ದೊಡ್ಡಕಣಗಳ ರಕ್ತಹೀನತೆ ಕಾಣಿಸಿಕೊಂಡಿತು. ಯೀಸ್ಟ್ ಸಾರವಾದ ಮಾರ್ಮೈಟ್ ಅದನ್ನು ಗುಣಪಡಿಸಿತು. ಗರ್ಭಿಣಿಯರಲ್ಲಿಯೂ ಮಾರ್ಮೈಟ್ ಫಲ ಕೊಟ್ಟದ್ದನ್ನು ಅವರು 1931ರಲ್ಲಿ ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಈ ಅಜ್ಞಾತ ವಸ್ತು 'ವಿಲ್ಸ್ ಅಂಶ' ಎನಿಸಿಕೊಂಡಿತು.

ಅಮೆರಿಕದಲ್ಲಿ ಪಾಲ್ ಡೇ ಮತ್ತು ಸಂಗಡಿಗರು 1938ರಲ್ಲಿ ಕೋತಿಗಳಿಗೆ ಅಗತ್ಯವಾದ ಇಂಥದೇ ಅಂಶವನ್ನು 'ವಿಟಮಿನ್ ಎಂ' ಎಂದು ಕರೆದರು. ಕೋಳಿಮರಿಗಳ ರಕ್ತಹೀನತೆಯನ್ನು ತಡೆಯುವ ಅಂಶವೊಂದು ಬೇರೊಂದು ಪ್ರಯೋಗಾಲಯದಲ್ಲಿ ಗೊತ್ತಾಯಿತು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಫೋಲಿಕ್ ಆಮ್ಲವನ್ನು ಬೇರ್ಪಡಿಸಲಾಯಿತು; 1945ರಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ನೇತೃತ್ವದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದರ ಸಂಶ್ಲೇಷಣೆಯಾಯಿತು. ಹಲವು ಹೆಸರುಗಳ ಆ ಅಂಶಗಳೆಲ್ಲ ಫೋಲಿಕ್ ಆಮ್ಲದ ಕುಟುಂಬಕ್ಕೇ ಸೇರಿದವೆಂದು ಸ್ಪಷ್ಟವಾಯಿತು. ಫೋಲಿಕ್ ಆಮ್ಲವಿಲ್ಲದಿದ್ದರೆ ಅಸ್ಥಿಮಜ್ಜೆಯ ಕೋಶಗಳಲ್ಲಿ ಡಿಎನ್‌ಎ ತಯಾರಿಕೆ ಕುಂಠಿತವಾಗುತ್ತದೆ. ಕೋಶಗಳು ಬೆಳೆಯುತ್ತವೆ, ಆದರೆ ಸಕಾಲದಲ್ಲಿ ವಿಭಜನೆಯಾಗುವುದಿಲ್ಲ. ಕಣಗಳು ದೊಡ್ಡದಾಗುವುದು ಇದರಿಂದಲೇ.

ಬೇರೆ ವಿಟಮಿನ್‌ಗಳ ಪರಿಣಾಮ ಬೇರೆ ಪ್ರಾಣಿಗಳಲ್ಲಿ ಸ್ಪಷ್ಟವಾಗಿ ಕಂಡಿತು. 1940ರ ದಶಕದಲ್ಲಿ ಮ್ಯಾಕ್ಸ್‌ವೆಲ್ ವಿನ್‌ಟ್ರೋಬ್ ತಂಡ ಬಿ6 ಇಲ್ಲದ ಆಹಾರ ಕೊಟ್ಟ ಹಂದಿಗಳಲ್ಲಿ ಕಣಗಳು ಚಿಕ್ಕದಾಗಿ ಬಣ್ಣಗುಂದಿದವು. ಹೀಮ್ ತಯಾರಿಕೆಯ ಮೊದಲ ಹಂತಕ್ಕೆ ಬಿ6 ಅಗತ್ಯವಾದ್ದರಿಂದ, ರಕ್ತದಲ್ಲಿ ಕಬ್ಬಿಣ ಹೆಚ್ಚಿದ್ದರೂ ಅದು ಬಳಕೆಯಾಗಲಿಲ್ಲ. ಪಾಲ್ ಗ್ಯೋರ್ಗಿ ಮತ್ತು ಕ್ಯಾಥರೀನ್ ರೋಸ್ ಅದೇ ದಶಕದ ಕೊನೆಯಲ್ಲಿ, ವಿಟಮಿನ್ ಇ ಕೊರತೆಯಿರುವ ಇಲಿಗಳ ರಕ್ತಕಣಗಳು ಡಯಲ್ಯೂರಿಕ್ ಆಮ್ಲದ ಸಂಪರ್ಕದಲ್ಲಿ ಒಡೆಯುವುದನ್ನು ತೋರಿಸಿದರು. ಇಲ್ಲಿ ಕೆಡುವುದು ಕಣದ ಉತ್ಪತ್ತಿಯಲ್ಲ, ಅದರ ಪೊರೆ.

ಪ್ರಾಣಿಯ ಆಯ್ಕೆಯೇ ಈ ಪ್ರಯೋಗಗಳ ಸಾಫಲ್ಯವನ್ನು ನಿರ್ಧರಿಸುತ್ತಿತ್ತು. ಇಲಿಯ ಕರುಳಿನ ಬ್ಯಾಕ್ಟೀರಿಯಗಳು ಫೋಲಿಕ್ ಆಮ್ಲವನ್ನು ತಯಾರಿಸುತ್ತವೆ, ಇಲಿ ತನ್ನ ಹಿಕ್ಕೆಯನ್ನೂ ತಿನ್ನುತ್ತದೆ; ಆದ್ದರಿಂದ ಸಲ್ಫಾ ಔಷಧಿಗಳಿಂದ ಆ ಬ್ಯಾಕ್ಟೀರಿಯಗಳನ್ನು ತಗ್ಗಿಸಿದರಷ್ಟೇ ಕೊರತೆ ತೀವ್ರವಾಗುತ್ತಿತ್ತು. ಇಂಥ ಎಚ್ಚರದಿಂದ ಪಡೆದ ಜ್ಞಾನ ಚಿಕಿತ್ಸೆಗೆ ಒದಗಿತು. 1970ರಲ್ಲಿ ಭಾರತ ಸರ್ಕಾರ ಆರಂಭಿಸಿದ ಪೌಷ್ಟಿಕ ರಕ್ತಹೀನತೆ ತಡೆ ಕಾರ್ಯಕ್ರಮ, ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಫೋಲಿಕ್ ಆಮ್ಲವನ್ನೂ ಸೇರಿಸಿತು.