ಮೀನಿನ ಆಹಾರದಲ್ಲಿ ಸೋಯಾ ಹಿಂಡಿ ಹಾಗೂ ಲೆಸಿಥಿನ್ ಬಳಕೆ

ಪೂರಕ ಆಹಾರ ನೀಡಿ ಮೀನು ಸಾಕುವಲ್ಲಿ ವೆಚ್ಚದ ಬಹುಪಾಲು ಆಹಾರಕ್ಕೇ ತಗಲುತ್ತದೆ. ಮೀನಿನ ಪುಡಿಯ ಬೆಲೆ ಅಧಿಕವಾಗಿರುವುದರಿಂದ ಅದಕ್ಕೆ ಬದಲಾಗಿ ಸೋಯಾ ಹಿಂಡಿಯನ್ನು ಬಳಸಲಾಗುತ್ತಿದೆ. ಎಣ್ಣೆ ತೆಗೆದ ಈ ಹಿಂಡಿಯಲ್ಲಿ ಶೇಕಡ 44 ರಿಂದ 48ರಷ್ಟು ಸಸಾರಜನಕವಿರುತ್ತದೆ. ಕಾಟ್ಲಾ, ರೋಹು, ಮೃಗಾಲ್ ಹಾಗೂ ಸಾಮಾನ್ಯ ಗೆಂಡೆ ಮೀನುಗಳು ಇದನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತವೆ.

ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಸೋಯಾ ಅವರೆ ಬೆಳೆಯುವ ಕೃಷಿಕರು ಮನೆಯಲ್ಲಿರುವ ಕಾಳನ್ನೇ ಬೀಸಿ ಕೊಳಕ್ಕೆ ಹಾಕುವುದು ಸರಿಯಲ್ಲ. ಹಸಿ ಕಾಳಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುವ ಅಂಶವಿದ್ದು, ಮೀನು ತಿಂದರೂ ತಕ್ಕಷ್ಟು ತೂಕ ಬರುವುದಿಲ್ಲ. ಇದನ್ನು ಮರಿಗಳ ದೋಷವೆಂದು ಭಾವಿಸುವುದುಂಟು. ಕಾಳನ್ನು ಬೇಯಿಸಿದಲ್ಲಿ ಈ ಅಂಶ ಬಹುಮಟ್ಟಿಗೆ ನಾಶವಾಗುತ್ತದೆ. ಆದರೆ ಕಂದುವಷ್ಟು ಹುರಿದಲ್ಲಿ ಲೈಸಿನ್ ನಷ್ಟವಾಗುತ್ತದೆ. ಕಾರ್ಖಾನೆಯ ಹಿಂಡಿಯು ಎಣ್ಣೆ ತೆಗೆದ ನಂತರ ಶಾಖ ಸಂಸ್ಕರಣೆಗೆ ಒಳಪಟ್ಟಿರುವುದರಿಂದ ಅದೇ ಸೂಕ್ತ. ಸೋಯಾದಲ್ಲಿ ಮೆಥಿಯೋನಿನ್ ಕಡಿಮೆ. ರಂಜಕದ ಬಹುಭಾಗ ಫೈಟೇಟ್ ರೂಪದಲ್ಲಿದ್ದು ಮೀನಿಗೆ ದಕ್ಕುವುದಿಲ್ಲ. ಆದುದರಿಂದ ಹಿಂಡಿಯೊಂದನ್ನೇ ನೀಡದೆ ತೌಡು, ಖನಿಜ ಮಿಶ್ರಣ ಹಾಗೂ ಸಾಧ್ಯವಿದ್ದಲ್ಲಿ ಸ್ವಲ್ಪ ಮೀನಿನ ಪುಡಿ ಸೇರಿಸತಕ್ಕದ್ದು.

ಲೆಸಿಥಿನ್ ಎಂಬುದು ಕಚ್ಚಾ ಸೋಯಾ ಎಣ್ಣೆಯನ್ನು ಶುದ್ಧೀಕರಿಸುವಾಗ ಬೇರ್ಪಡುವ ಅಂಟು ಪದಾರ್ಥ. ಇದರಲ್ಲಿರುವ ಫಾಸ್ಫೊಲಿಪಿಡ್‌ಗಳನ್ನು ಎಳೆಯ ಮರಿಗಳು ಹಾಗೂ ಸೀಗಡಿಗಳು ಬೆಳವಣಿಗೆಗೆ ಸಾಕಾಗುವಷ್ಟು ತಾವೇ ತಯಾರಿಸಿಕೊಳ್ಳಲಾರವು. ಸೀಗಡಿ ಆಹಾರಕ್ಕೆ ಇದನ್ನು ಸಾಮಾನ್ಯವಾಗಿ ಶೇಕಡ 1 ರಿಂದ 2ರಷ್ಟು ಸೇರಿಸಲಾಗುತ್ತದೆ. ಕೊಳದಲ್ಲಿ ಬೆಳೆದ ಗೆಂಡೆ ಮೀನುಗಳಿಗೆ ಲೆಸಿಥಿನ್ ಪ್ರತ್ಯೇಕವಾಗಿ ಕೊಳ್ಳುವ ಅವಶ್ಯಕತೆ ಇಲ್ಲ. ಮಾರಾಟಗಾರರು ಒತ್ತಾಯಿಸಿದರೂ ಅದು ಅನವಶ್ಯಕ ಖರ್ಚು.

ಹಿಂಡಿಯನ್ನು ತೇವವಿಲ್ಲದ ಸ್ಥಳದಲ್ಲಿ, ನೆಲಕ್ಕೆ ತಾಗದಂತೆ ದಾಸ್ತಾನು ಮಾಡತಕ್ಕದ್ದು. ಬೂಷ್ಟು ಹಿಡಿದ ಹಿಂಡಿಯನ್ನು ಒಣಗಿಸಿ ಉಪಯೋಗಿಸಬಾರದು. ಒಣಗಿದ ಮಾತ್ರಕ್ಕೆ ಬೂಷ್ಟಿನ ವಿಷ ಹೋಗುವುದಿಲ್ಲ.