ಭಾಜನವೂ ಭೇಷಜವೂ

ಔಷಧವನ್ನು ತುಂಬಿಡುವ ಪಾತ್ರೆಯು ಔಷಧದ ಗುಣದಲ್ಲಿಯೂ ಪಾಲುಗೊಳ್ಳುವುದೆಂಬ ವಿಚಾರವು ನಮ್ಮವರಿಗೆ ಹೊಸತಲ್ಲ. ಕಣ್ಣಿಗೆ ಹಚ್ಚುವ ಅಂಜನಗಳನ್ನು, ಅವುಗಳಿಗೆ ಸಮಾನಗುಣವುಳ್ಳ ಚಿನ್ನ, ಬೆಳ್ಳಿ, ತಾಮ್ರ, ಕಂಚು, ಕೊಂಬು ಮೊದಲಾದವುಗಳ ಭಾಜನಗಳಲ್ಲಿಯೇ ಇರಿಸತಕ್ಕದ್ದೆಂದು ಸುಶ್ರುತಸಂಹಿತೆಯು ವಿಧಿಸಿದೆ; ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ ಕುದಿಸಲೊಪ್ಪದ ನಮ್ಮ ಗೃಹಿಣಿಯರ ಎಚ್ಚರವೂ ಇದೇ ಜಾತಿಯದು. ಆದರೆ ಈ ಎಚ್ಚರವು ಅಳತೆಗೂ ಪರೀಕ್ಷೆಗೂ ಒಳಪಟ್ಟು ಶಾಸ್ತ್ರವೆನಿಸಿಕೊಳ್ಳಲು ಚುಚ್ಚುಮದ್ದಿನ ಯುಗವೇ ಬರಬೇಕಾಯಿತು.

1886ರಲ್ಲಿ ಫ್ರಾನ್ಸಿನ ಔಷಧಜ್ಞ ಸ್ಟನಿಸ್ಲಾಸ್ ಲಿಮೂಸೆನ್ ಬಾಯಿ ಬೆಸೆದು ಮುಚ್ಚುವ ಗಾಜಿನ ಪುಟ್ಟ ಸೀಸೆಯಾದ ಆಂಪೂಲನ್ನು ಬಳಕೆಗೆ ತಂದಾಗ, ದ್ರವೌಷಧವನ್ನು ಸೂಕ್ಷ್ಮಜೀವಿಗಳಿಂದ ಕಾಪಾಡುವ ಸಮಸ್ಯೆಯೇನೋ ಬಗೆಹರಿಯಿತು. ಆದರೆ ಸಾಮಾನ್ಯ ಗಾಜು ನೀರಿನ ದೀರ್ಘಸಂಪರ್ಕದಲ್ಲಿ ತನ್ನೊಳಗಿನ ಕ್ಷಾರವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಟ್ಟು ಮದ್ದನ್ನು ಕೆಡಿಸುತ್ತಿತ್ತು. ಜರ್ಮನಿಯ ಯೇನಾ ನಗರದಲ್ಲಿ ಒಟ್ಟೊ ಷಾಟ್ ರೂಪಿಸಿದ ಬೋರೋಸಿಲಿಕೇಟ್ ಗಾಜು ಈ ದೋಷವನ್ನು ಬಹುಮಟ್ಟಿಗೆ ನೀಗಿತು. ನಿರ್ಲಿಪ್ತವೆಂದು ನಂಬಿದ ಗಾಜೂ ಸಂಪೂರ್ಣ ನಿರ್ಲಿಪ್ತವಲ್ಲ: ಗಾಜಿನ ಸೀಸೆಯಲ್ಲಿಟ್ಟ ಕ್ಯಾಲ್ಷಿಯಂ ಗ್ಲೂಕೋನೇಟ್ ದ್ರಾವಣವು ಅಲ್ಯುಮಿನಿಯಂ ಅಂಶವನ್ನು ಸೆಳೆದುಕೊಳ್ಳುವುದುಂಟು, ರಕ್ತನಾಳದ ಮೂಲಕ ಪಡೆದ ಪೋಷಕದ್ರಾವಣದಲ್ಲಿನ ಅಲ್ಯುಮಿನಿಯಂ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮನೋವಿಕಾಸವನ್ನು ಕುಂಠಿಸಬಲ್ಲುದೆಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿತು.

ಪ್ಲಾಸ್ಟಿಕ್ಕು ಬಂದ ಮೇಲೆ ಪಾತ್ರೆಯು ಕೊಡುವುದಷ್ಟೇ ಅಲ್ಲ, ಕಸಿದುಕೊಳ್ಳುವುದೂ ಕಂಡುಬಂದಿತು. ಎದೆನೋವಿನ ಹೊತ್ತಿನಲ್ಲಿ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಗುಳಿಗೆಯ ಸಾರವು ಆವಿಯಾಗಿ ಡಬ್ಬಿಯ ಪ್ಲಾಸ್ಟಿಕ್ಕಿನಲ್ಲಿ ಲೀನವಾಗಿಬಿಡುತ್ತಿದ್ದುದರಿಂದ, ಅಮೆರಿಕದಲ್ಲಿ 1972ರಲ್ಲಿ ಅದಕ್ಕೆ ಗಾಜಿನ ಸೀಸೆಯನ್ನೇ ಕಡ್ಡಾಯಗೊಳಿಸಿದರು. ಅದಕ್ಕೆ ಮೊದಲೇ, 1970ರಲ್ಲಿ, ಜೇಗರ್ ಮತ್ತು ರೂಬಿನ್ ಎಂಬ ಸಂಶೋಧಕರು, ಪಿ.ವಿ.ಸಿ. ಚೀಲವನ್ನು ಮೆತ್ತಗಾಗಿಸಲು ಬೆರೆಸಿದ ಥ್ಯಾಲೇಟ್ ದ್ರವ್ಯವು ಶೇಖರಿತ ರಕ್ತದೊಳಕ್ಕೆ ಇಳಿಯುವುದನ್ನು ತೋರಿಸಿಕೊಟ್ಟಿದ್ದರು. ಅದೇ ದ್ರವ್ಯವು ಕೆಂಪುಕಣಗಳ ಪೊರೆಯನ್ನು ಕಾಪಾಡುವ ಕಾರಣ ಅದನ್ನು ಕೈಬಿಡುವುದು ಸುಲಭವಾಗಲಿಲ್ಲ.

ಈ ಇತಿಹಾಸದಲ್ಲಿ ನನ್ನನ್ನು ಅತ್ಯಂತ ಕಲಕಿದ ಪ್ರಕರಣವು ಎಪ್ರೆಕ್ಸಿನದು. ಮೂತ್ರಪಿಂಡದ ರೋಗಿಗಳಲ್ಲಿ ರಕ್ತವೃದ್ಧಿಗಾಗಿ ಕೊಡುವ ಈ ಚುಚ್ಚುಮದ್ದಿನಿಂದ 1998ರಲ್ಲಿ ಮಾನವರಕ್ತದಿಂದ ಪಡೆದ ಆಲ್ಬುಮಿನ್ನನ್ನು ತೆಗೆದು ಪಾಲಿಸಾರ್ಬೇಟ್ 80 ಎಂಬುದನ್ನು ಸೇರಿಸಿದರು. ಸೋಂಕಿನ ಭಯವನ್ನು ನಿವಾರಿಸುವ ಸದುದ್ದೇಶವೇ ಅದರ ಹಿಂದಿತ್ತು. ಅನಂತರದ ವರ್ಷಗಳಲ್ಲಿ ಕೆಲವು ರೋಗಿಗಳ ದೇಹವು ಆ ಮದ್ದಿಗೆ ಮಾತ್ರವಲ್ಲದೆ ಕೆಂಪುಕಣಗಳ ಉತ್ಪತ್ತಿಯನ್ನು ಪ್ರಚೋದಿಸುವ ತನ್ನದೇ ಎರಿತ್ರೋಪೊಯೆಟಿನ್ ಎಂಬ ಹಾರ್ಮೋನಿಗೂ ವಿರೋಧಿಯಾದ ಪ್ರತಿಕಾಯಗಳನ್ನು ಹುಟ್ಟಿಸಿಕೊಂಡು, ಅಸ್ಥಿಮಜ್ಜೆಯು ಕೆಂಪುಕಣಗಳ ಉತ್ಪತ್ತಿಯನ್ನೇ ನಿಲ್ಲಿಸಿತು. ಹೊಸ ದ್ರವ್ಯವು ಸಿರಿಂಜಿನ ರಬ್ಬರು ಬೂಚಿನಿಂದ ರಾಸಾಯನಿಕಗಳನ್ನು ಕರಗಿಸಿಕೊಂಡಿತೆಂಬುದು ತಯಾರಕರ ವಾದ. 2003ರ ಹೊತ್ತಿಗೆ ಬೂಚಿಗೆ ಫ್ಲೋರೋಪಾಲಿಮರ್ ಲೇಪನ ಬಂದಿತು, ಜೊತೆಯಲ್ಲಿಯೇ ಮದ್ದನ್ನು ಚರ್ಮದಡಿಗೆ ಬದಲು ರಕ್ತನಾಳಕ್ಕೆ ಕೊಡುವ ಪದ್ಧತಿಯೂ ಹಬ್ಬಿತು, ಪ್ರಕರಣಗಳು ಇಳಿದವು. ಎರಡರಲ್ಲಿ ಯಾವುದು ಎಷ್ಟರಮಟ್ಟಿಗೆ ಕಾರಣವೆಂಬ ವಿವಾದವು ತೀರಿಲ್ಲವಾದರೂ, ಮದ್ದಿನ ಒಂದು ಘಟಕ ಬದಲಾದರೆ ಬೂಚಿನೊಡನೆ ಅದರ ನಂಟನ್ನೂ ಹೊಸದಾಗಿ ಪರೀಕ್ಷಿಸಿ ಅಧಿಕಾರಿಗಳಿಗೆ ತೋರಿಸುವುದು ಈಗ ತಯಾರಕರ ಹೊಣೆಯಾಗಿದೆ.