ಹಾಡು ಒಬ್ಬರದು, ಹೆಸರು ಇನ್ನೊಬ್ಬರದು

ಅಮೆರಿಕದ ಸೋಲ್ ಸಂಗೀತ ಕೇಳುವ ಚಟ ಇರೋರಿಗೆ 'ದ ಟೆಂಪ್ಟೇಷನ್ಸ್' ಗೊತ್ತೇ ಇರುತ್ತೆ. ಚಟ ಇಲ್ಲದವರೂ 'ಮೈ ಗರ್ಲ್' ಹಾಡನ್ನ ಯಾವುದಾದರೂ ಸಿನಿಮಾದಲ್ಲೋ ಜಾಹೀರಾತಿನಲ್ಲೋ ಕೇಳಿಯೇ ಇರ್ತೀರಿ. ಆ ತಂಡವನ್ನ ಕಟ್ಟಿದ ಓಟಿಸ್ ವಿಲಿಯಮ್ಸ್ ಎಷ್ಟು ದುಡ್ಡು ಮಾಡಿದ್ದಾರೆ ಅಂತ ಅಂತರ್ಜಾಲದಲ್ಲಿ ಹುಡುಕಿದರೆ ಒಂದೊಂದು ತಾಣ ಒಂದೊಂದು ಅಂಕಿ ಕೊಡುತ್ತೆ. ಆ ಅಂಕಿಗಳನ್ನ ಬದಿಗಿಡೋಣ. ನನಗೆ ಕುತೂಹಲ ಇರೋದು ಬೇರೆ ಪ್ರಶ್ನೆಯಲ್ಲಿ: ಇಂಥ ತಂಡದಲ್ಲಿ ದುಡ್ಡು ಎಲ್ಲಿಂದ ಬರುತ್ತೆ, ಯಾರ ಜೇಬಿಗೆ ಹೋಗುತ್ತೆ?

ಓಟಿಸ್ ಹುಟ್ಟಿದ್ದು 1941ರಲ್ಲಿ, ಟೆಕ್ಸಾಸ್‌ನ ಟೆಕ್ಸಾರ್ಕಾನಾದಲ್ಲಿ. ಬಾಲ್ಯದಲ್ಲೇ ಡೆಟ್ರಾಯಿಟ್‌ಗೆ ಬಂದರು. ಹದಿಹರೆಯದಲ್ಲೇ ಗೆಳೆಯರನ್ನ ಸೇರಿಸಿ ಹಾಡೋಕೆ ಶುರು ಮಾಡಿ, 'ದ ಡಿಸ್ಟೆಂಟ್ಸ್' ಅನ್ನೋ ಹೆಸರಲ್ಲಿ 'ಕಮ್ ಆನ್' ಅನ್ನೋ ರೆಕಾರ್ಡ್ ತಂದರು. ಊರಲ್ಲಿ ಹಾಡು ಓಡಿತು. ಆದರೆ ಆ ಸಣ್ಣ ಕಂಪೆನಿ ಬಿಟ್ಟು ಹೊರಬಂದಾಗ ತಂಡದ ಹೆಸರು ಕಂಪೆನಿಯ ಒಡತಿಯ ಹತ್ತಿರವೇ ಉಳಿಯಿತು! ಈ ಪಾಠವನ್ನ ಅವರು ಮರೆಯಲಿಲ್ಲ ಅನ್ನೋದು ಮುಂದಿನ ಕಥೆ ನೋಡಿದರೆ ಗೊತ್ತಾಗುತ್ತೆ.

1961ರಲ್ಲಿ ಓಟಿಸ್, ಮೆಲ್ವಿನ್ ಫ್ರಾಂಕ್ಲಿನ್, ಎಲ್‌ಬ್ರಿಜ್ ಬ್ರಯಂಟ್ ಜೊತೆಗೆ 'ದ ಪ್ರೈಮ್ಸ್' ತಂಡದ ಎಡ್ಡಿ ಕೆಂಡ್ರಿಕ್ಸ್, ಪಾಲ್ ವಿಲಿಯಮ್ಸ್ ಸೇರಿ ಐದು ಜನರಾದರು. ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಶುರು ಮಾಡಿದ್ದ ಕಂಪೆನಿ, ಮುಂದೆ ಮೋಟೌನ್ ಅಂತ ಜಗತ್ತು ಕರೆದದ್ದು, ಇವರನ್ನ ಸೇರಿಸಿಕೊಂಡಿತು. 'ಟೆಂಪ್ಟೇಷನ್ಸ್' ಅನ್ನೋ ಹೆಸರು ಹುಟ್ಟಿದ್ದು ಆಗಲೇ.

1964ರಲ್ಲಿ ಬ್ರಯಂಟ್ ಜಾಗಕ್ಕೆ ಡೇವಿಡ್ ರಫಿನ್ ಬಂದರು. ಅವರು ಮುಖ್ಯ ದನಿಯಾಗಿ ಹಾಡಿದ 'ಮೈ ಗರ್ಲ್' 1965ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಕುಣಿತ ಕಲಿಸೋಕೆ ಚೋಲಿ ಅಟ್ಕಿನ್ಸ್, ಎಲ್ಲರಿಗೂ ಒಂದೇ ಥರದ ಸೂಟು... ಹೊರಗಿನಿಂದ ನೋಡಿದರೆ ವೈಭವವೋ ವೈಭವ.

ಈಗ ಲೆಕ್ಕಕ್ಕೆ ಬನ್ನಿ. 'ಮೈ ಗರ್ಲ್' ಬರೆದವರು ಸ್ಮೋಕಿ ರಾಬಿನ್ಸನ್ ಮತ್ತು ರೊನಾಲ್ಡ್ ವೈಟ್. ಪ್ರಕಾಶನದ ಹಕ್ಕು ಗಾರ್ಡಿಯವರ ಜೋಬೀಟ್ ಸಂಸ್ಥೆಯದು. ಅಮೆರಿಕದ ರೇಡಿಯೋದಲ್ಲಿ ಹಾಡು ಬಂದಾಗಲೆಲ್ಲ ಬರೆದವರಿಗೂ ಪ್ರಕಾಶಕರಿಗೂ ದುಡ್ಡು ಹೋಗುತ್ತೆ, ಹಾಡಿದವರಿಗೆ ಸೊನ್ನೆ. ಅಲ್ಲಿನ ಕಾನೂನೇ ಹಾಗೆ. ರೆಕಾರ್ಡ್ ಮಾರಾಟದ ಪಾಲು ಬರುತ್ತೆ ನಿಜ, ಆದರೆ ರೆಕಾರ್ಡಿಂಗ್ ಖರ್ಚನ್ನೂ ಕಲಾವಿದರ ಪಾಲಿನಿಂದಲೇ ಮುರಿದುಕೊಳ್ಳೋದು ಆ ಕಾಲದ ಪದ್ಧತಿ. ಉಳಿದದ್ದನ್ನ ಐದು ಭಾಗ ಮಾಡಬೇಕು. ಇಂಟರ್ನೆಟ್ ರೇಡಿಯೋ ಬಂದ ಮೇಲೆ ಹಾಡಿದವರಿಗೂ ಪಾಲು ಸಿಗೋ ಹಾಗಾಯ್ತು, ಆದರೆ 1972ಕ್ಕಿಂತ ಹಿಂದಿನ ರೆಕಾರ್ಡುಗಳಿಗೆ ಅದು ಕಾನೂನಿನಲ್ಲಿ ಖಚಿತವಾಗಿದ್ದು 2018ರಲ್ಲಿ. ಅಷ್ಟರಲ್ಲಿ ಹಳೇ ಐವರಲ್ಲಿ ಉಳಿದಿದ್ದವರು ಓಟಿಸ್ ಒಬ್ಬರೇ.

ಇನ್ನೊಂದು ಕಡೆ ನೋಡಿ. ಗಾರ್ಡಿ 1988ರಲ್ಲಿ ಮೋಟೌನನ್ನ 6.1 ಕೋಟಿ ಡಾಲರ್‌ಗೆ ಮಾರಿದರು, ಜೋಬೀಟ್ ಮಾತ್ರ ಇಟ್ಟುಕೊಂಡರು. ಅದನ್ನ 1997, 2003, 2004ರಲ್ಲಿ ಮೂರು ಕಂತಾಗಿ ಇಎಂಐಗೆ ಮಾರಿದಾಗ ಬಂದದ್ದು ಸುಮಾರು 32 ಕೋಟಿ ಡಾಲರ್. ಅಂದರೆ ರೆಕಾರ್ಡ್ ಕಂಪೆನಿಗಿಂತ ಹಾಡಿನ ಹಕ್ಕಿಗೇ ಐದು ಪಟ್ಟು ಬೆಲೆ!

ರಫಿನ್ ಇದನ್ನ ಪ್ರಶ್ನಿಸಿದರು. ತಂಡದ ಗಳಿಕೆಯ ಲೆಕ್ಕ ಕೇಳಿದರು. 1967ರಲ್ಲಿ ಸುಪ್ರೀಮ್ಸ್ ತಂಡ 'ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್' ಆದ ಹಾಗೆ ಇಲ್ಲೂ ತಮ್ಮ ಹೆಸರು ಮುಂದೆ ಬರಬೇಕು ಅಂದರು. ಜೊತೆಗೆ ಕಾರ್ಯಕ್ರಮಗಳಿಗೂ ಚಕ್ಕರ್. 1968ರಲ್ಲಿ ಉಳಿದ ನಾಲ್ವರು ಸೇರಿ ಅವರನ್ನ ತೆಗೆದು ಡೆನಿಸ್ ಎಡ್ವರ್ಡ್ಸ್‌ರನ್ನ ತಂದರು. ಆಮೇಲೂ ರಫಿನ್ ಕಾರ್ಯಕ್ರಮದ ಮಧ್ಯೆ ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡು ಹಾಡಿದ್ದುಂಟು. ಜನ ಚಪ್ಪಾಳೆ ಹೊಡೆದರು. ಆದರೆ ಕೆಲಸ ವಾಪಸ್ ಬರಲಿಲ್ಲ. ತಂಡ ಮಾತ್ರ 'ಕ್ಲೌಡ್ ನೈನ್' ಹಾಡಿ ಮೋಟೌನ್‌ಗೆ ಮೊದಲ ಗ್ರ್ಯಾಮಿ ತಂದುಕೊಟ್ಟಿತು, 1969ರಲ್ಲಿ.

ಇಲ್ಲೇ ನೋಡಿ ವಿಚಿತ್ರ. ಓಟಿಸ್ ಮುಖ್ಯ ಗಾಯಕರಲ್ಲ. ದೊಡ್ಡ ಹಿಟ್‌ಗಳನ್ನ ಬರೆದವರೂ ಅಲ್ಲ. ಹಿಂದೆ ನಿಂತು ದನಿ ಸೇರಿಸಿದವರು, ಸಭೆ ಕರೆದವರು, ಜಗಳ ಬಿಡಿಸಿದವರು. ಅವರ ಆಸ್ತಿ ಒಂದೇ: ಆ ಹೆಸರು. ಹೆಸರು ಕಳೆದುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಮೋಟೌನ್‌ನಲ್ಲೇ ಉದಾಹರಣೆ ಇದೆ: ಜಾಕ್ಸನ್ 5 ಸಹೋದರರು ಕಂಪೆನಿ ಬಿಟ್ಟಾಗ ಹಳೇ ಹೆಸರು ಅಲ್ಲೇ ಬಿಟ್ಟು 'ದ ಜಾಕ್ಸನ್ಸ್' ಆಗಬೇಕಾಯ್ತು. ಟೆಂಪ್ಟೇಷನ್ಸ್ 1977ರಲ್ಲಿ ಅಟ್ಲಾಂಟಿಕ್‌ಗೆ ಹೋಗಿ 1980ರಲ್ಲಿ ಮೋಟೌನ್‌ಗೆ ಮರಳಿತು. ಹೆಸರು ಬದಲಾಗಲಿಲ್ಲ. ಆಮೇಲೆ ಡೆನಿಸ್ ಎಡ್ವರ್ಡ್ಸ್ ತಮ್ಮದೇ ತಂಡ ಕಟ್ಟಿದಾಗಲೂ ಓಟಿಸ್ ಕೋರ್ಟಿಗೆ ಹೋಗಿ ಹೆಸರನ್ನ ಕಾಯ್ದುಕೊಂಡರು.

ರೆಕಾರ್ಡ್ ಮಾರಾಟ ಇಳಿದ ಮೇಲೂ ಊರೂರು ತಿರುಗಿ ಹಾಡಿದರೆ ದುಡ್ಡು ಬರುತ್ತೆ. ಟಿಕೆಟ್ ಮೇಲೆ ಇರೋದು ತಂಡದ ಹೆಸರು ತಾನೇ! ಅವರ 1988ರ ಆತ್ಮಕಥೆ 1998ರಲ್ಲಿ ಟಿವಿ ಧಾರಾವಾಹಿಯಾಯ್ತು, 2019ರಲ್ಲಿ ಬ್ರಾಡ್‌ವೇ ನಾಟಕವಾಯ್ತು. ಧಾರಾವಾಹಿಯಲ್ಲಿ ತಮ್ಮವರನ್ನ ತಪ್ಪಾಗಿ ತೋರಿಸಿದ್ದಾರೆ ಅಂತ ರಫಿನ್ ಮನೆಯವರು ಕೋರ್ಟಿಗೆ ಹೋಗಿ ಸೋತರು. ಕೊನೆಗೆ ಕಥೆ ಹೇಳುವ ಅವಕಾಶವೂ ಉಳಿದವರಿಗೇ.

ಉಳಿದವರ ಪಾಡು? ಪಾಲ್ ವಿಲಿಯಮ್ಸ್ 1973ರಲ್ಲಿ ಹೋದರು. ರಫಿನ್ 1991ರಲ್ಲಿ ಮಾದಕ ವಸ್ತುವಿಗೆ ಬಲಿ; ಅಂತ್ಯಕ್ರಿಯೆಯ ಖರ್ಚು ಮೈಕಲ್ ಜಾಕ್ಸನ್ ಕೊಟ್ಟರು. 1992ರಲ್ಲಿ ಕೆಂಡ್ರಿಕ್ಸ್, 1995ರಲ್ಲಿ ಮೆಲ್ವಿನ್.

ನಾವು ಸಾಫ್ಟ್‌ವೇರ್‌ನವರು ಬರೆಯೋ ಕೋಡೆಲ್ಲ ಕಂಪೆನಿಯದು, ಸಹಿ ಹಾಕೋವಾಗ ಯಾರೂ ಆ ಪುಟ ಓದಲ್ಲ :) ಅದಕ್ಕೇ ಇರಬೇಕು, ರಫಿನ್ ದನಿ ಕೇಳಿದಾಗಲೆಲ್ಲ ನನಗೆ ಅವರು ಕೇಳಿದ ಲೆಕ್ಕವೇ ನೆನಪಾಗುತ್ತೆ. ಕೇಳಿದ ರೀತಿ ಸರಿಯಿರಲಿಲ್ಲ, ಪ್ರಶ್ನೆ ಸರಿಯಿತ್ತು. ಓಟಿಸ್ ಅದೇ ಪ್ರಶ್ನೆಗೆ ಬೇರೆ ಉತ್ತರ ಹುಡುಕಿಕೊಂಡರು: ಗದ್ದಲ ಮಾಡದೆ, ಬಿಡದೆ, ಹೆಸರನ್ನ ಹಿಡಿದುಕೊಂಡು. ಅದನ್ನ ಜಾಣತನ ಅನ್ನಬೇಕೋ, ತಂಡದ ಮೇಲಿನ ಪ್ರೀತಿ ಅನ್ನಬೇಕೋ? ನನಗೆ ಎರಡೂ ಅನ್ನಿಸುತ್ತೆ. ನಿಮಗೇನನ್ನಿಸುತ್ತೆ, ಹೇಳಿ.